ಕಿಂಡಿ ಒಂದೇ

ಹವಲ್ಲಿಯಲ್ಲಿ, ಮಹಡಿ ಮೆಟ್ಟಿಲ ಕೆಳಗೆ
ಮಂಚದಷ್ಟೇ ಅಗಲದ ಅಂಗಡಿ.
ಭಟ್ಕಳದ ಅಫ್ಫಾನ್ ಫ್ಯಾನು ನಿಲ್ಲಿಸಿ
ಗಾಜಿನ ಮೇಲೆ ಕಾರ್ಡು ಹರಡುತ್ತಾನೆ,
ಹಾರಿಹೋಗುವಷ್ಟು ಹಗುರ,
ಕತ್ತರಿಸಿಟ್ಟ ಉಗುರಿನ ಹಾಗೆ.

"ಅರವತ್ತನಾಲ್ಕು, ನೂರಿಪ್ಪತ್ತೆಂಟು, ಇದು ಇನ್ನೂರೈವತ್ತಾರು.
ಎಂತ ಇಡ್ತೀರಿ ಅಕ್ಕಾ ಇದರೊಳಗೆ? ಹಾಡಾ, ಫೋಟೋನಾ?"

ಫೋಟೋ, ಅಂದೆ. ಪೂರ್ತಿ ಸುಳ್ಳಲ್ಲ.
ಈ ಅಂಗೈ ಯಂತ್ರಕ್ಕೆ ಕನ್ನಡ ಬಾರದು.
ಕಡ್ಡಿಯಲ್ಲಿ ಗೀಚಿದ್ದೆಲ್ಲ ಅದಕ್ಕೆ ಚಿತ್ರ:
'ಠ' ಒಂದು ಕಣ್ಣು, 'ಕ್ಷ' ಯಾವುದೋ ಹಕ್ಕಿ,
ಒತ್ತು ಕೊಟ್ಟಷ್ಟೂ ಭಾರ.

ನನ್ನ ಕೆಲಸ ಆಪರೇಷನ್ ಕೋಣೆಯ ಆಚೆ,
ಅರಿವಳಿಕೆ ಇಳಿಯುವ ವಾರ್ಡಿನಲ್ಲಿ.
ಮೊದಲು ಬೆರಳು ಏಳುತ್ತದೆ, ಆಮೇಲೆ ನಾಲಿಗೆ,
ಮನುಷ್ಯ ಏಳುವುದು ಕೊನೆಗೆ.
ಆ ನಡುವೆ
ಹತ್ತು ವರ್ಷ ಅರಬ್ಬಿಯಲ್ಲೇ ಬೈಸಿಕೊಂಡ ಡ್ರೈವರ್
ನೌಕಾ, ನೌಕಾ ಎಂದು ಯಾರನ್ನೋ ಗದರುತ್ತಾನೆ.
ಇಥಿಯೋಪಿಯಾದ ಹುಡುಗಿ ಏನನ್ನೋ ಎಣಿಸುತ್ತಾಳೆ,
ಮತ್ತೆ ಮೊದಲಿನಿಂದ.
ಮೂರು ಕಾರಿನ ಯಜಮಾನ, ಎಂಬತ್ತರ ಮುದುಕ,
ಯುಮ್ಮಾ ಎನ್ನುತ್ತಾನೆ, ಅಷ್ಟೇ.

ಎಚ್ಚರಾದ ಮೇಲೆ ಯಾರಿಗೂ ನೆನಪಿರದು.
ನಾನು ಬರೆದುಕೊಳ್ಳುತ್ತೇನೆ, ಸದ್ದು ಮಾತ್ರ.
ಹೆಸರಿಲ್ಲ, ಮಂಚದ ನಂಬರಿಲ್ಲ.
ನಮ್ಮ ಅಕ್ಷರಮಾಲೆಯಲ್ಲಿ
ಯಾವೂರ ಸದ್ದು ಬಂದರೂ ಕೂರಲೊಂದು ಮಣೆ ಇದೆ.
ಕದ್ದಂತೆ ಅನ್ನಿಸುವುದಿಲ್ಲವೇ?
ಅನ್ನಿಸುತ್ತದೆ, ಕೆಲವು ರಾತ್ರಿ.

"ಆದರೆ ಅಕ್ಕಾ, ಕಿಂಡಿ ಒಂದೇ.
ಇದು ಹಾಕಿದರೆ ಮೋಡೆಮ್ ಇಲ್ಲ, ಮೋಡೆಮ್ ಹಾಕಿದರೆ ಇದಿಲ್ಲ.
ನೆನಪಿಡಬೇಕಾ, ಮಾತಾಡಬೇಕಾ, ಬೇಗ ಹೇಳಿ,
ಅಸರ್ ಬಾಂಗ್ ಆಗ್ತದೆ ಈಗ."

ಜೂನ್‌ನಲ್ಲಿ ಪಿತ್ತಕೋಶದ ಕಲ್ಲು
ನನ್ನನ್ನೇ ಆ ಮಂಚ ಹತ್ತಿಸಿತು.
ಹನ್ನೊಂದು ದಿನ ಯಂತ್ರ ಲಾಕರಿನ ಕತ್ತಲಲ್ಲಿ.
ವಾಪಸು ಬಂದು ಚಾರ್ಜಿಗೆ ಹಾಕಿದರೆ
ಈಗಷ್ಟೇ ಹುಟ್ಟಿದಂತೆ ತಾರೀಕು ಕೇಳಿತು.
ಮುನ್ನೂರ ಹನ್ನೆರಡು ಜನರ ಮೊದಲ ಮಾತು
ಒಂದೂ ಇರಲಿಲ್ಲ.

ಅವತ್ತು ನನ್ನ ತಲೆದೆಸೆಯಲ್ಲಿದ್ದವಳು ಮಾರಿವಿಕ್,
ಇಲೊಯಿಲೊದವಳು, ನನ್ನ ಚಟ ಬಲ್ಲವಳು.
ಕೈಗವಸಿನ ಡಬ್ಬದ ರಟ್ಟು ಹರಿದು
ನಾನಾಡಿದ್ದನ್ನು ಇಂಗ್ಲಿಷಲ್ಲಿ ಬರೆದಿಟ್ಟಿದ್ದಳು:
ಎಚ್, ಎ, ಎಲ್, ಯು.
ನಾಲ್ಕು ಸಲ.

ಹಾಲು? ಹಾಳು? ಹಲ್ಲು?
"ಹೇಗಂದೆ, ಎಳೆದೋ, ಒತ್ತಿಯೋ, ನಾಲಿಗೆ ಮಡಚಿಯೋ?"
ತನ್ನ ನಾಲಿಗೆ ಮಡಚಿ ನೋಡಿದಳು, ಆಗಲಿಲ್ಲ, ನಕ್ಕಳು.
"ನೀನು ಅಳುತ್ತಿರಲಿಲ್ಲ, ಅಷ್ಟು ಗೊತ್ತು."

ಹಾಲಾದರೆ ಯಾವ ಒಲೆಯದು, ಉಕ್ಕಿತೋ ಇಲ್ಲವೋ.
ಹಾಳಾದರೆ ಏನು, ಯಾರಿಂದ.
ಹಲ್ಲಾದರೆ, ಸಗಣಿಯಲ್ಲಿಟ್ಟು
ಹೆಂಚಿನ ಮೇಲೆ ಎಸೆದ ಆ ಮುಂಭಾಗದ್ದು
ಮೂವತ್ತು ವರ್ಷ ಉರುಳಿ ಉರುಳಿ
ಇಲ್ಲಿ ಬಂದು ಬಿತ್ತೇ.

ನೂರಿಪ್ಪತ್ತೆಂಟರದ್ದು ಸಾಕು, ಅಂದೆ.
ಹದಿನಾಲ್ಕು ದಿನಾರ್, ಚೌಕಾಸಿಗೆ ಹದಿಮೂರೂವರೆ.
"ಒಮ್ಮೆ ಖಾಲಿ ಮಾಡಿ ಕೊಡ್ತೇನೆ."
ಹೊಸದಲ್ಲವೇನಪ್ಪಾ ಇದು?
"ಹೊಸದನ್ನೂ ಒಮ್ಮೆ ಖಾಲಿ ಮಾಡಬೇಕು ಅಕ್ಕಾ,
ಇಲ್ಲದಿದ್ರೆ ಕೆಲವು ಮಿಷಿನ್ ನಂಬೂದಿಲ್ಲ."
ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚಿಲಕ ತೋರಿಸಿದ:
ಸರಿಸಿದರೆ ಬರೆದದ್ದು ಅಳಿಯದು,
ಹೊಸದು ಬರೆಯಲೂ ಆಗದು.

ಸರಿಸಲಿಲ್ಲ.
ಮೆಟ್ಟಿಲ ನೆರಳಲ್ಲೇ ನಿಂತು
ಮೂರನ್ನೂ ಬರೆದೆ, ಒಂದರ ಕೆಳಗೊಂದು.
ಬೆವರಿಗೆ ಕಡ್ಡಿ ಜಾರಿ 'ಳು' ಸೊಟ್ಟಗಾಯಿತು.
ಯಂತ್ರ ಅದಕ್ಕೆ 'ಚಿತ್ರ ಒಂದು' ಎಂದು ತಾನೇ ಹೆಸರಿಟ್ಟು
ಜಾಗ ಬೇಕಾದಷ್ಟಿದೆ ಎಂದಿತು.

ಏಳಕ್ಕೆ ಡ್ಯೂಟಿ.
ಇವತ್ತಿನ ಪಟ್ಟಿಯಲ್ಲಿ ಆರು ಜನ,
ಒಬ್ಬ ಮಗು.