ಗಟಾರದ ಬಾಯಿ

ಸುಂಕೇರಿಯ ಆ ಕೇರಿಗೆ ಮೊದಲ ಸಲ ಹೋದಾಗ
ಕಂಕುಳಲ್ಲಿ ನಕ್ಷೆಯ ಸುರುಳಿ, ಕಾಲಲ್ಲಿ ಪೇಟೆಯ ಚಪ್ಪಲಿ.
'ಗಟಾರದ ಬಾಯಿ ಬಂದಳು' ಅಂತ ಕೂಗಿತು ಒಂದು ಮಗು.
ಅವರ ಮಾತಲ್ಲಿ ಬಾಯಿ ಎಂದರೆ ಅಕ್ಕ, ಅಮ್ಮ, ಮರ್ಯಾದೆ;
ನನ್ನ ಮಾತಲ್ಲಿ ಬರೀ ಬಾಯಿ.
ಎರಡೂ ಸರಿಯೇ. ಊರು ತೊಳೆದು ಚೆಲ್ಲಿದ್ದೆಲ್ಲ
ಎಲ್ಲಿಗೆ ಬಂದು ಬೀಳಬೇಕೋ
ಗೆರೆ ಎಳೆದು ತೋರಿಸಲು ಬಂದವಳು ನಾನು.

ಶಾಲೆಯ ಜಗಲಿಯಲ್ಲಿ ಸಭೆ. ನಕ್ಷೆ ಹಾರದಂತೆ
ನಾಲ್ಕು ಮೂಲೆಗೆ ನಾಲ್ಕು ಕಲ್ಗದ ಚಿಪ್ಪು.
ವಾಸನೆಯ ಪ್ರಶ್ನೆಗೆ ತಯಾರಾಗಿ ಬಂದಿದ್ದೆ:
ಮುಚ್ಚಳದ ತೊಟ್ಟಿ, ಇದ್ದಿಲ ಜರಡಿ,
ಮಧ್ಯಾಹ್ನದ ಗಾಳಿ ಎತ್ತಣಿಂದ, ರಾತ್ರಿಯದು ಎತ್ತ.
ಶೇವಂತಿ ತಾಂಡೇಲ ಬಾಂಗ್ಡೆ ಒಣಹಾಕಿ ಬಂದ ಕೈಯನ್ನು
ನನ್ನ ಮೂಗಿನ ಹತ್ತಿರ ತಂದಳು.
'ವಾಸನೆ ಅಂತ ನಮಗೆ ಹೇಳ್ತೀಯಾ ಮಾರಾಯ್ತಿ?'
ಜಗಲಿಗೆ ಜಗಲಿಯೇ ನಕ್ಕಿತು.
ನಾನೂ ನಕ್ಕೆ, ತುಸು ತಡವಾಗಿ.

ಆಮೇಲೆ ಬೆರಳಿಟ್ಟಳು, ನದಿ ಕಡೆಯ ಒಂದು ಚೌಕದ ಮೇಲೆ.
'ಇದೇನು?'
ಗಾಳಿಯಂತ್ರದ ಕೋಣೆ, ಅಂದೆ. ಕೊಳಚೆಯಲ್ಲೂ ಕೋಟಿ ಜೀವ,
ಉಸಿರು ಕೊಟ್ಟರೆ ಹೊಲಸನ್ನು ಅವೇ ತಿಂದು
ನೀರು ತಿಳಿಯಾಗಲು ಬಿಡುತ್ತವೆ.
ಅದಕ್ಕೇ ಹಗಲೂ ರಾತ್ರಿ ಬ್ಲೋವರ್.
'ಸದ್ದು ಮಾಡ್ತದಾ?'
ಸ್ವಲ್ಪ.
'ಸ್ವಲ್ಪ ಅಂದ್ರೆ?'

ಅರವತ್ತೈದು ಡೆಸಿಬಲ್, ಅಂದೆ. ಆ ಲೆಕ್ಕ
ಸತ್ತ ಏಡಿಯ ಹಾಗೆ ನಮ್ಮ ನಡುವೆ ಬಿದ್ದುಕೊಂಡಿತು.

ಅವಳು ಹೇಳಿದಳು, ನನಗಲ್ಲ, ಕಾಳಿಯ ಕಡೆ ನೋಡಿಕೊಂಡು:
ಬೆಳಗಿನ ಜಾವ ನಾಲ್ಕಕ್ಕೆ ಅಳಿವೆಯಲ್ಲಿ ದೋಣಿ ತಿರುಗ್ತವೆ.
ಪುಂಡಲೀಕನ ಎಂಜಿನ್ನು, ಡಬ್ಬದಲ್ಲಿ ಹುಣಸೆಬೀಜ ಅಲ್ಲಾಡಿಸಿದ ಹಾಗೆ.
ರುಜಾರನದ್ದು ಬರೀ ಕೆಮ್ಮು.
ನಮ್ಮನೆಯವರದ್ದು ಮೂರು ಬಡಿತಕ್ಕೆ ಒಂದು ತಪ್ತದೆ.
ಮಲಗಿದಲ್ಲೇ ಎಣಿಸ್ತೇವೆ. ಎಣಿಕೆ ತುಂಬಿದ್ರೆ
ಎದ್ದು ಒಲೆ ಹಚ್ತೇವೆ. ತುಂಬದಿದ್ರೆ
ಎನ್ನುವಲ್ಲಿಗೆ ನಿಲ್ಲಿಸಿ, ಕೈಯನ್ನು ಸೀರೆಗೆ ಒರೆಸಿಕೊಂಡಳು.

ನಾನು ಓದಿದ ಯಾವ ಪುಸ್ತಕದಲ್ಲೂ ಈ ಕಾಲಂ ಇರಲಿಲ್ಲ.
ಮಣ್ಣಿನ ಗುಣವಿತ್ತು, ನೂರು ವರ್ಷದ ನೆರೆಯ ಮಟ್ಟವಿತ್ತು,
ತಲೆಗೆ ದಿನಕ್ಕೆ ಎಷ್ಟು ಲೀಟರ್ ಎಂಬುದಿತ್ತು.
ಕಿವಿಯ ಲೆಕ್ಕ ಇರಲಿಲ್ಲ.

ಆ ರಾತ್ರಿ ಅವಳ ಅಂಗಳದಲ್ಲಿ ಚಾಪೆ ಹಾಕಿ ಕೇಳಿದೆ.
ನೀರು, ನಾಯಿ, ದೂರದಲ್ಲಿ ರೈಲು, ಮತ್ತೆ ನೀರು.
'ಬಂದ್ರು' ಎಂದು ಒಳಗೆ ಹೋದಳು ಶೇವಂತಿ.
ಚಹಾ ಕುದಿದ ಮೇಲೆ ನನಗೆ ಕೇಳಿತು
ಆ ತಪ್ಪುವ ಬಡಿತ.

ಚೌಕವನ್ನು ಅಳಿಸಿದೆ. ರಬ್ಬರಿನ ಕಲೆ ಇನ್ನೂ ಇದೆ ಹಾಳೆಯಲ್ಲಿ.
ರಸ್ತೆ ಬದಿಗೆ ಸರಿಸಿ, ನೆಲದಡಿ ಒಂದಾಳು ಇಳಿಸಿ,
ಎರಡು ಪದರ ಚಿರೆಕಲ್ಲು, ನಡುವೆ ಮರಳು.
ಕೊಳವೆ ತೊಂಬತ್ತು ಮೀಟರ್ ಉದ್ದವಾಯಿತು.
ನದಿ ಕಡೆಯ ಗೋಡೆ ಸೊಂಟದ ಮಟ್ಟಕ್ಕೆ.
ಕಾಂಡ್ಲಾ ಗಿಡಗಳನ್ನು ಯಾರೂ ಮುಟ್ಟಲಿಲ್ಲ.
'ದೋಣಿ ಸದ್ದಿಗೆ ಹನ್ನೊಂದು ಲಕ್ಷವೇನ್ರೀ?' ಅಂದರು ಸಾಹೇಬರು.
ಕಡತದಲ್ಲಿ 'ಸ್ಥಳೀಯ ಅಗತ್ಯ' ಎಂದು ಬರೆದೆ.
ಅದಕ್ಕಿಂತ ಒಳ್ಳೆಯ ಪದ ಈಗಲೂ ಸಿಕ್ಕಿಲ್ಲ.

ಎಲ್ಲ ಗೆದ್ದೆ ಅಂತಲ್ಲ. ಕೆಸರಿನ ಲಾರಿ
ಬಾವಿಯ ತಿರುವಿನಲ್ಲಿ ಇವತ್ತಿಗೂ ಸಿಕ್ಕಿಬೀಳುತ್ತದೆ.
ಆಷಾಢದ ಗಾಳಿಗೆ ಒಂದೆರಡು ದಿನ ನಾತ ಬರುತ್ತದೆ;
ಆಗೆಲ್ಲ ನನ್ನ ಹೆಸರನ್ನು ಯಾವ ಬಾಯಿಯಲ್ಲಿ ಕರೆಯುತ್ತಾರೋ,
ಕೇಳಿಲ್ಲ.

ವರ್ಷ ಕಳೆದು, ಒಂದು ಬೆಳಗ್ಗೆ ಐದಕ್ಕೆ ಫೋನು.
'ಬಾಯಿ, ನಿನ್ನ ಮಿಷನ್ನು ರಾತ್ರಿ ಎರಡು ಗಂಟೆ ಉಸಿರು ಹಿಡಿದಿತ್ತು.'
ಓಡಿ ಹೋಗಿ ನೋಡಿದೆ. ಪಾಳಿಯ ಪುಸ್ತಕದಲ್ಲಿ
ರಾತ್ರಿಯಿಡೀ 'ಸರಿ ಇದೆ', 'ಸರಿ ಇದೆ', ಕೆಳಗೆ ಸಹಿ.
ಬೆಲ್ಟು ಮಾತ್ರ ಹರಿದು, ಹಾವಿನ ಪೊರೆಯಂತೆ ನೆಲದಲ್ಲಿ.

ನಿಮಗೆ ಹೇಗೆ ಗೊತ್ತಾಯ್ತು? ಕೇಳಿಸಬಾರದು ಅಂತಲೇ
ಅಷ್ಟು ಆಳ ಹೂತಿದ್ದೆನಲ್ಲ?
ಬಾಂಗ್ಡೆ ತಿರುವಿಹಾಕುತ್ತ, ತಲೆ ಎತ್ತದೆ ಅಂದಳು:
'ಎಣಿಕೆಗೆ ಒಂದು ಕಮ್ಮಿ ಬಂತು.'