ಕಾಲಂ ಒಂಬತ್ತು: ಇತರೆ

ದೋಣಿಯಿಂದ ಇಳಿದಾಗ ಕುದ್ರು ಇನ್ನೂ ಒಣಗಿರಲಿಲ್ಲ.
ತೆಂಗಿನ ಮೈಮೇಲೆ ನೆರೆ ಗೀಚಿಟ್ಟು ಹೋದ ಗೆರೆ
ನನ್ನ ಎದೆಮಟ್ಟಕ್ಕೆ.
ಸುವರ್ಣೆ ಈಗ ಏನೂ ಗೊತ್ತಿಲ್ಲದವಳ ಹಾಗೆ
ಕೆಳಗೆ, ತನ್ನ ಪಾಡಿಗೆ.

ಕಂಕುಳಲ್ಲಿ ಪ್ಲಾಸ್ಟಿಕ್ ಸುತ್ತಿದ ಫಾರಂ.
ಸತ್ತ ಕೋಳಿ, ಕುಸಿದ ಗೋಡೆ, ತೊಳೆದುಹೋದ ನೇಜಿ,
ಐರಿನ್ ಬಾಯಿಯ ಹನ್ನೆರಡು ಮಲ್ಲಿಗೆ ಬುಡ,
ಎಲ್ಲ ಬರೆದೆ.
"ಮೊಗ್ಗಿತ್ತು, ಅದನ್ನೂ ಬರೆಯಿರಿ" ಅಂದರು.
ಮೊಗ್ಗಿಗೆ ಕಾಲಂ ಇಲ್ಲ.

ಕೊನೆಯ ಮನೆ ಬೂಬ ಪೂಜಾರಿಯವರದು.
ಕರೆದರೆ ಓ ಇಲ್ಲ. ಹಿತ್ತಿಲಿಗೆ ಹೋದೆ.
ಬಚ್ಚಲಿನ ಮರೆಯಲ್ಲಿ, ಹಳೇ ಸೀರೆಯ ಬೇಲಿಯೊಳಗೆ
ಕುಕ್ಕರಗಾಲಲ್ಲಿ ಕೂತು,
ಗೆರಟೆಯಲ್ಲಿ ಮಳೆನೀರು ಮೊಗೆದು
ಎಲೆ ತೊಳೆಯುತ್ತಿದ್ದರು. ಒಂದೊಂದೇ.
ಕೈಕೂಸಿನ ಬೆರಳು ತೊಳೆದ ಹಾಗೆ.

ಏಳು ಬೆರಳಿನ ಎಲೆ. ಅಂಚಿಗೆ ಗರಗಸ.
ಮೂರರಲ್ಲಿ ಎರಡು ಗಿಡ ಅಡ್ಡ ಮಲಗಿ,
ಒಂದಕ್ಕೆ ಮುರಿದ ಕೊಡೆಯ ಕೋಲು ಊರಿ
ಬಾಳೆನಾರಿನಲ್ಲಿ ಕಟ್ಟಿತ್ತು.

ಅವರು ನನ್ನನ್ನು ನೋಡಿದರು.
ನಾನು ಫಾರಂ ನೋಡಿದೆ.
ಭತ್ತ ಇತ್ತು, ತೆಂಗು ಇತ್ತು,
ಇಷ್ಟು ವರ್ಷ ಕಣ್ಣಿಗೇ ಬೀಳದ "ಇತರೆ"
ಕಟ್ಟೆಯಿಲ್ಲದ ಬಾವಿಯ ಹಾಗೆ ಬಾಯಿ ತೆರೆದಿತ್ತು.

ಹೋದ ವರ್ಷ ಆಚೆ ದಡದಲ್ಲಿ ಕಿತ್ತ ಗಿಡಗಳನ್ನು
ಬೇರು, ಮಣ್ಣು, ಮಳೆನೀರು ಸಮೇತ ತಕ್ಕಡಿಗಿಟ್ಟಾಗ
ಪಂಚನಾಮೆಗೆ ಸಹಿ ಹಾಕಿದವ ನಾನು.
ಮಣ್ಣಿನ ತೂಕವೂ ಆ ಹುಡುಗನ ತಲೆಗೇ ಬಿತ್ತು.

ಒಳಗೆ ಯಾರೋ ಮಗ್ಗುಲಾದರು.
ನರಳಿದ್ದು ಮಂಚವೋ, ಮನುಷ್ಯರೋ.
ಕಿಟಕಿಯಲ್ಲಿ ಕಂಡದ್ದು ಇಷ್ಟು:
ಮಣಿಪಾಲದ ಆಸ್ಪತ್ರೆಯ ಚೀಟಿಗಳ ಚೀಲ,
ನೆರೆ ಮುಟ್ಟದ ಎತ್ತರದಲ್ಲಿ, ಮೊಳೆಗೆ.
ನೀರು ಬಂದಾಗ ಮೊದಲು ಎತ್ತಿಟ್ಟದ್ದು ಅದನ್ನೇ ಇರಬೇಕು.

ಹೇಳಬೇಕಾದದ್ದು ಗೊತ್ತಿತ್ತು.
ಠಾಣೆಯ ನಂಬರು ಮೊಬೈಲಿನಲ್ಲೇ ಇತ್ತು.
ಹೇಳಿದ್ದು ಬೇರೆ:

"ಬುಡ ತುಳಿಯಬೇಡಿ.
ಕೆಸರು ಕೂತರೆ ಬೇರಿಗೆ ಉಸಿರಿಲ್ಲ.
ಸುತ್ತ ಒಂದು ಚಾಲು ತೋಡಿ, ನೀರು ಇಳಿಯಲಿ.
ಹಳದಿಯಾದದ್ದನ್ನು ಚಿವುಟಿ, ಗೊಬ್ಬರ ಈಗ ಬೇಡ.
ಉಪ್ಪುನೀರು ಕುಡಿದದ್ದು, ಬದುಕಿದರೆ ಪುಣ್ಯ."

ಮಟ್ಟುವಿನ ಗದ್ದೆಯಲ್ಲಿ, ಗುಳ್ಳದ ಸಾಲಿನ ನಡುವೆ ನಿಂತು
ಅಪ್ಪ ಹೇಳುತ್ತಿದ್ದ ಮಾತು.
ನನ್ನ ಬಾಯಲ್ಲಿ ಇನ್ನೂ ಇದೆಯೆಂದು
ನನಗೇ ಗೊತ್ತಿರಲಿಲ್ಲ.

ಬೂಬಣ್ಣ ಏನೂ ಅನ್ನಲಿಲ್ಲ. ಗೆರಟೆ ಕೆಳಗಿಟ್ಟು
ಬರಿಗೈಯಲ್ಲೇ ಚಾಲು ತೋಡತೊಡಗಿದರು.

ಒಂಬತ್ತಕ್ಕೆ ಅಡ್ಡಗೆರೆ ಎಳೆದೆ.
ಕಾಗದ ತೇವ. ಎರಡು ಸಲ ಎಳೆಯಬೇಕಾಯಿತು.

"ಏರ್ ಬತ್ತಿನಿ?" ಒಳಗಿನಿಂದ ಹೆಣ್ಣುದನಿ,
ನೂಲಿನಷ್ಟು ತೆಳ್ಳಗೆ.

ಅವರು ನನ್ನ ಮುಖವನ್ನೇ ನೋಡುತ್ತ
ಅತ್ತ ಕೂಗಿ ಹೇಳಿದರು:
"ಏರ್‌ಲಾ ಇಜ್ಜಿ."