ಶೇಡ್ ಚೀಟಿಯ ಮಂದಿ

ಸ್ಟುಡಿಯೋದ ಶಟರ್ ಅರ್ಧ ಎಳದ ಮ್ಯಾಲ
ಎಂಟರಿಂದ ಒಂಬತ್ತರ ತನಕ ಕಂಪ್ಯೂಟರು ನಂದು.
ಹಗಲೆಲ್ಲ ಅದರಾಗ ಬನಹಟ್ಟಿ ಮಂದಿಯ ತಲಿ ಹಿಂದ
ನೀಲಿ ಪರದೆ ಕಟ್ಟತಾಳ ನನ್ನ ತಂಗಿ ಮಗಳು ಶಾಹೀನ.
ರಾತ್ರಿ ನನಗ ಕಲಸತಾಳ.
"ಮೌಸು ಹಗೂರಕ ಹಿಡಿ ಮಾಮಾ,
ಹಿಂಡಬ್ಯಾಡ, ಅದೇನು ನೂಲಿನ ಲಡಿ ಅಲ್ಲ."

ಮೂವತ್ತೊಂದು ವರ್ಷ ಬಣ್ಣದ ಮನಿಯೊಳಗ.
ಬುತ್ತಿ ಬಿಚ್ಚಿದ ಹೊತ್ತಿನ್ಯಾಗ ಶೇಡ್ ಚೀಟಿಯ ಬೆನ್ನಿಗೆ
ಪೆನ್ಸಿಲಿನಿಂದ ತಗದ ಬೆರಳುದ್ದದ ಮಂದಿ:
ತಲಿಗೆ ಟಾವೆಲ್ ಸುತಗೊಂಡ ಬಾಯ್ಲರ್ ದುಂಡಪ್ಪ,
ಒಂದು ಕಾಲು ಮಡಚಿ ಕಂಡಿಕಿ ಸುತ್ತೋ ನೀಲವ್ವ,
ತಕ್ಕಡಿಯನ್ನೂ ನಂಬದ ಮಲ್ಲೇಶಿ,
ಚಾ ತರೋ ಹುಡುಗ.
ಎಲ್ಲಾರೂ ಬೂದಿ.
ಮೊಣಕೈ ತನಕ ಬಣ್ಣದಾಗ ಮುಳುಗಿದವರಿಗೆ
ಬಣ್ಣ ಹಚ್ಚಬೇಕಂತ ನನಗ ಅನಿಸಿರಲೇ ಇಲ್ಲ.

ಗಾಜಿನ ಮ್ಯಾಲ ಬೋರಲ ಮಲಗಿಸಿ ಬೆಳಕು ಹಾಯಿಸಿದಳು.
ಚೀಟಿಯ ಸುಕ್ಕು ಬಂತು,
ನನ್ನ ಹೆಬ್ಬೆರಳಿನ ಹಳೇ ಕೆಂಪೂ ಬಂತು.
"ಕಲಿ ಅಳಸಲ್ಯಾ?"
ಇರಲಿ ಬಿಡು.

ಪರದೆಯ ಮೂಲ್ಯಾಗ ಅಕ್ಕಿಕಾಳಿನಷ್ಟು ಬಕೇಟು.
ಬಕೇಟು ಎತ್ತೋದು ನನಗ ಕಲಸ್ತೀಯೇನ, ಹುಡುಗಿ?
ನಕ್ಕೋತ ದುಂಡಪ್ಪನ ಟಾವೆಲಿಗೆ ಕೆಂಪು ಸುರುವಿದೆ.
ಟಾವೆಲು ಕೆಂಪಾತು, ದುಂಡಪ್ಪ ಕೆಂಪಾದ,
ಬಾಯ್ಲರು, ಗ್ವಾಡಿ, ಚೀಟಿಯ ನಾಲ್ಕೂ ದಂಡಿ
"ಗೆರಿ ಎಲ್ಲೋ ಬಿಟ್ಟೈತಿ, ಮಾಮಾ."
ಹಿಗ್ಗಿಸಿ ತೋರಿಸಿದಳು: ಕಿವಿಯ ಹತ್ರ ಕೂದಲೆಳಿಯಷ್ಟು ಸಂದು.
ಅವತ್ತು ಭೋಂಗಾ ಆಗಿರಬೇಕು,
ನಾ ಪೆನ್ಸಿಲ್ ಎತ್ತಿರಬೇಕು.

ಎರಡು ಗುಂಡಿ ಒತ್ತಿದಳು.
ಕೆಂಪು, ಬಂದ ದಾರಿ ಹಿಡದು ಬಕೇಟಿಗೆ ವಾಪಸ್.
ನಾ ಕುರ್ಚಿ ಬಿಟ್ಟು ಎದ್ದು ನಿಂತೆ.

ತೊಂಬತ್ತೆಂಟರಾಗ ನಲವತ್ತು ಕಿಲೋ ನೂಲು
ಹಸಿರಾಗಬೇಕಾದದ್ದು ಕೆಸರಾಗಿ ಎದ್ದಿತ್ತು.
ಉಪ್ಪು ಹೆಚ್ಚಾತೋ, ಕಾವು ಕಡಿಮಿ ಬಿತ್ತೋ,
ಇವತ್ತಿಗೂ ತಿಳೀವಲ್ದು.
ಹನ್ನೊಂದು ವಾರ ಪಗಾರದಾಗ ಮುರಕೊಂಡ್ರು.
ಆ ನೂಲು ಹೊಸದು ಹಗ್ಗ ಮಾಡಿ ಎಮ್ಮಿ ಕಟ್ಟಿದ್ವಿ.
ಎಮ್ಮಿ ಸತ್ತಿತು. ಹಗ್ಗ ಐತಿ.

"ಹಿಂಗ ಎಷ್ಟು ಸಲ ಹಿಂದ ಹೋಗಬಹುದು?"
"ಐವತ್ತು."
ಆ ರಾತ್ರಿ ಸೈಕಲ್ ಹತ್ತಲಿಲ್ಲ,
ಮನಿತನಕ ತಳಕೋತ ಹೋದೆ.

ಆಮ್ಯಾಲ ಲೇಯರು. ಗೆರಿ ಮ್ಯಾಲಿನ ಹಾಳಿಗೆ, ಬಣ್ಣ ಕೆಳಗಿನದಕ್ಕ.
ಮರತು ಮ್ಯಾಲ ಹಚ್ಚಿ ನೀಲವ್ವನ ಕಣ್ಣು ಹೂಳಿದೆ, ಮೂರು ಸಲ.
ಚಕ್ರದಾಗ ಜಗತ್ತಿನ ಎಲ್ಲಾ ಬಣ್ಣ ಅದಾವಂತ;
ಆಕಿ ಒಗದು ಒಗದು ಉಟ್ಟ ಗಿಳಿಹಸಿರು
ಎರಡು ರಾತ್ರಿ ಹುಡುಕಿದರೂ ಸಿಗಲಿಲ್ಲ.
ಸಿಕ್ಕಾಗ ಅದರ ಹೆಸರು ಬರೇ ಆರು ಅಕ್ಷರ-ಅಂಕಿ.
ಶೇಡ್ ಚೀಟಿ ಬರದವಗ ಅದೇನು ಹೊಸದಲ್ಲ.

ಪ್ರಿಂಟ್ ತಗದರ ಸಪ್ಪಗ. ಶಾಹೀನ ಮಾರಿ ಸಣ್ಣ ಮಾಡಿದಳು.
ಈ ಪಾಠ ನಂದು, ಅಂದೆ.
ಹಸೀ ನೂಲು ಸುಳ್ಳು ಹೇಳತೈತಿ,
ಒಣಗಿದ ಮ್ಯಾಲ ನೋಡಬೇಕು ಖರೇ ಬಣ್ಣ.
ಒಂದು ಗುಂಜಿ ಹೆಚ್ಚ ಹಾಕು.

ಕತ್ತರಿಸಿ, ಬುಡ ಮಡಚಿ, ರಟ್ಟಿಗೆ ಅಂಟಿಸಿ
ಕೌಂಟರಿನ ಗಾಜಿನ ಮ್ಯಾಲ ನಿಲ್ಲಿಸಿದ್ವಿ.
ಫ್ಯಾನ್ ಹಾಕಿದ ಕೂಡಲೇ
ಮೊದಲು ಬಿದ್ದಾಂವ ಮಲ್ಲೇಶಿ.

ಉಳದಾಂವ ಚಾದ ಹುಡುಗ.
ಅವನ ಅಂಗಿಗೆ ಹಳದಿ ಹಾಕಿದೆ, ತಗದೆ. ನೀಲಿ, ತಗದೆ.
ಗ್ಲಾಸು ತಗೊಳ್ಳೋ ಮುಂದ ನಾವೆಲ್ಲ
ಕೈ ಒರಸತಿದ್ದದ್ದು ಅದಕ್ಕ.
ಅವ ನಗತಿದ್ದ. ನಾವೂ ನಗತಿದ್ವಿ.
ನಾವು ಮುಟ್ಟೂಕಿಂತ ಮೊದಲು
ಆ ಅಂಗಿ ಯಾವ ಬಣ್ಣದ್ದಿತ್ತು?
ಹಿಂದ, ಹಿಂದ, ಹಿಂದ ಒತ್ತಿದೆ.
ಬರೇ ಪೆನ್ಸಿಲಿಗೆ ಬಂದು ನಿಂತಿತು.

"ಒಂಬತ್ತಾತು ಮಾಮಾ, ಉಳಿಸಿ ಬಂದ್ ಮಾಡು."
ಉಳಸೂ ಬಟನ್ ಒತ್ತಿದೆ.
ಹೆಸರು ಬರಿ ಅಂತ ಒಂದು ಖಾಲಿ ಡಬ್ಬಿ,
ಅದರಾಗ ಮಿಣುಕತಿದ್ದ ಒಂದು ಕಡ್ಡಿ.
ಒಂಬತ್ತು ವರ್ಷ ಚಾ ಕುಡದೀನಿ ಅವನ ಕೈಲೆ.